ಹೆಡ್‌ಫೋನಿಗೆ ಅಗ್ಗದ ಆಂಪ್: ಲೆಕ್ಕ ಮೊದಲು, ಖರೀದಿ ಆಮೇಲೆ

ಹೊಸದಾಗಿ ಹೆಡ್‌ಫೋನ್ ಆಂಪ್ಲಿಫೈಯರ್ (ಸದ್ದಿನ ಸಂಕೇತಕ್ಕೆ ಬಲ ಕೊಡುವ ಯಂತ್ರ, ಚಿಕ್ಕದಾಗಿ ಆಂಪ್) ತಂದವರಿಂದ ಮತ್ತೆ ಮತ್ತೆ ಕೇಳಿಬರುವ ದೂರುಗಳು ಮೂರು. ‘ಮೊದಲಿಗಿಂತ ಏನೂ ವ್ಯತ್ಯಾಸ ಕಾಣುವುದಿಲ್ಲ’ ಎನ್ನುವುದು ಒಂದು. ‘ಹಾಡು ನಿಂತರೂ ಹಿಂದೆ ಸುಯ್ ಎನ್ನುತ್ತಲೇ ಇರುತ್ತದೆ’ ಎನ್ನುವುದು ಇನ್ನೊಂದು. ‘ಗುಂಡಿ ಚೂರು ತಿರುಗಿಸಿದರೆ ಕಿವಿಗಡಚಿಕ್ಕುತ್ತದೆ, ಇಳಿಸಿದರೆ ಒಂದೇ ಕಿವಿಯಲ್ಲಿ ಕೇಳುತ್ತದೆ’ ಎನ್ನುವುದು ಮೂರನೆಯದು. ಇವುಗಳಲ್ಲಿ ಯಂತ್ರ ಕೆಟ್ಟದ್ದು ಅಪರೂಪ. ಹೆಚ್ಚಿನ ಕಡೆ ಆಂಪನ್ನು ಮೊದಲು ಕೊಂಡು, ಹೆಡ್‌ಫೋನಿನ ಲೆಕ್ಕವನ್ನು ಆಮೇಲೆ ನೋಡಿದ್ದೇ ತಪ್ಪು. ಕಾಸರಗೋಡು, ಕುಂಬಳೆ, ಬದಿಯಡ್ಕದ ಕಡೆ ಇಂಥವನ್ನು ಅಂಗಡಿಯಲ್ಲಿ ಕೂತು ಕೇಳಿ ನೋಡಿ ಕೊಳ್ಳುವುದು ಕಷ್ಟ. ಆನ್‌ಲೈನಿನಲ್ಲಿ ತರಿಸುವುದೇ ರೂಢಿ. ಹಾಗಾಗಿ ಕಿವಿ ಮಾಡಬೇಕಾದ ಕೆಲಸದ ಮುಕ್ಕಾಲು ಪಾಲನ್ನು ಕಾಗದದ ಮೇಲೆ ಮುಗಿಸಿಕೊಳ್ಳಬೇಕು.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೆಯ ಹಂತಕ್ಕೇ ಕೆಲಸ ಮುಗಿದು ದುಡ್ಡು ಉಳಿದರೆ ಆಶ್ಚರ್ಯವಿಲ್ಲ.

ಬೇಕಾಗುವ ಸಾಮಾನು

ಡಿಜಿಟಲ್ ಮಲ್ಟಿಮೀಟರ್ ಒಂದು. ಇಲ್ಲೇ ಮೊದಲ ಎಡವಟ್ಟು ಆಗುವುದು: ಎಲ್ಲ ಅಂಗಡಿಗಳಲ್ಲಿ ಸಿಗುವ ಹಳದಿ ಬಣ್ಣದ ಅತಿ ಅಗ್ಗದ ಮೀಟರುಗಳಲ್ಲಿ ಎಸಿ ವೋಲ್ಟೇಜಿಗೆ 200 ಮತ್ತು 750 ಎಂಬ ಎರಡೇ ಶ್ರೇಣಿ ಇರುತ್ತದೆ. ಅದರಲ್ಲಿ ಅರ್ಧ ವೋಲ್ಟನ್ನು ನಂಬುವಂತೆ ಅಳೆಯಲಾಗದು. ಎಸಿಯಲ್ಲಿ 2 ಅಥವಾ 6 ವೋಲ್ಟ್ ಶ್ರೇಣಿ ಇರುವ ಮೀಟರ್ ಬೇಕು.

ಎರಡೂ ತುದಿಯಲ್ಲಿ 3.5 ಮಿ.ಮೀ. ಪಿನ್ನಿರುವ ಆಕ್ಸ್ ಕೇಬಲ್, ಅರ್ಧ ವ್ಯಾಟಿನ 33 ಓಮ್ ರೆಸಿಸ್ಟರ್, ಮೊಸಳೆ ಕ್ಲಿಪ್ಪಿನ ಎರಡು ವೈರು, 3.5ರಿಂದ 6.35 ಮಿ.ಮೀ.ಗೆ ಬದಲಿಸುವ ಪಿನ್ನು, ಲಾಗ್ ಲೆಕ್ಕ ಬರುವ ಕ್ಯಾಲ್ಕ್ಯುಲೇಟರ್. ಫೋನನ್ನು ಅಡ್ಡ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಈ ಕ್ಯಾಲ್ಕ್ಯುಲೇಟರ್ ತೆರೆದುಕೊಳ್ಳುತ್ತದೆ. ಕೊನೆಯದಾಗಿ 60 ಹರ್ಟ್ಸ್‌ನ ಶುದ್ಧ ಸೈನ್ ಸ್ವರದ ಒಂದು ಫೈಲ್. ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ ಟೋನ್ ತಯಾರಿಸುವ ಕಡೆ 60 ಹರ್ಟ್ಸ್, ಆಂಪ್ಲಿಟ್ಯೂಡ್ 1, ಅವಧಿ 60 ಸೆಕೆಂಡ್ ಎಂದು ಕೊಟ್ಟು ವೇವ್ ಫೈಲಾಗಿ ಉಳಿಸಿಕೊಳ್ಳಿ. 1000 ಹರ್ಟ್ಸ್ ಯಾಕೆ ಬೇಡವೆಂದರೆ, ಅಗ್ಗದ ಮೀಟರುಗಳು ಮನೆಯ ಕರೆಂಟಿನ 50–60 ಹರ್ಟ್ಸ್ ಹತ್ತಿರ ಮಾತ್ರ ಸರಿಯಾಗಿ ಅಳೆಯುತ್ತವೆ.

ಹಂತ 1: ಹೆಡ್‌ಫೋನಿನ ಎರಡು ಸಂಖ್ಯೆ ಹುಡುಕಿ

ಪೆಟ್ಟಿಗೆಯ ಮೇಲೋ ತಯಾರಕರ ಪುಟದಲ್ಲೋ ಇಂಪೀಡೆನ್ಸ್ ಮತ್ತು ಸೆನ್ಸಿಟಿವಿಟಿ ಎಂಬ ಎರಡು ಸಂಖ್ಯೆ ಇರುತ್ತವೆ. ಮೊದಲನೆಯದು ಕರೆಂಟಿಗೆ ಹೆಡ್‌ಫೋನ್ ಒಡ್ಡುವ ತಡೆ, ಓಮ್‌ನಲ್ಲಿ. ಎರಡನೆಯದು ಇಂತಿಷ್ಟು ಕೊಟ್ಟರೆ ಎಷ್ಟು ಜೋರಾಗಿ ಕೇಳುತ್ತದೆ ಎಂಬುದು, ಡೆಸಿಬೆಲ್‌ನಲ್ಲಿ. ‘250 ಓಮ್, ಹಾಗಾಗಿ ದೊಡ್ಡ ಆಂಪ್ ಬೇಕು’ ಎಂದು ಒಂದೇ ಸಂಖ್ಯೆ ಹಿಡಿದು ತೀರ್ಮಾನಿಸುವುದು ಎಲ್ಲರೂ ಮಾಡುವ ತಪ್ಪು. ಓಮ್ ಕಡಿಮೆಯಿದ್ದೂ ಎಳೆಯಲು ಭಾರವಾದ ಹೆಡ್‌ಫೋನುಗಳಿವೆ.

ಸೆನ್ಸಿಟಿವಿಟಿಯಲ್ಲಿ ಇನ್ನೊಂದು ಹೊಂಡವಿದೆ. ಕೆಲವರು ಅದನ್ನು ಒಂದು ಮಿಲಿವ್ಯಾಟಿಗೆ ಎಷ್ಟು ಡೆಸಿಬೆಲ್ ಎಂದು ಹೇಳುತ್ತಾರೆ, ಕೆಲವರು ಒಂದು ವೋಲ್ಟಿಗೆ ಎಷ್ಟು ಎಂದು. ಎಕೆಜಿ ಕೆ702ರದ್ದು 62 ಓಮ್, ವೋಲ್ಟಿಗೆ 105 ಡೆಸಿಬೆಲ್. ಅದನ್ನೇ ಮಿಲಿವ್ಯಾಟಿಗೆ 105 ಎಂದು ಓದಿಕೊಂಡರೆ ಹೆಡ್‌ಫೋನ್ ನಿಜಕ್ಕಿಂತ 12 ಡೆಸಿಬೆಲ್ ಹಗುರವಾಗಿ ಕಾಣುತ್ತದೆ. ಬೇಕಾದ ಶಕ್ತಿಯ ಲೆಕ್ಕ 16 ಪಟ್ಟು ತಪ್ಪುತ್ತದೆ.

ಎರಡನ್ನೂ ಹೋಲಿಸಬೇಕಾದರೆ ಎಲ್ಲವನ್ನೂ ವೋಲ್ಟಿನ ಲೆಕ್ಕಕ್ಕೆ ತನ್ನಿ. 1000ವನ್ನು ಓಮ್ ಸಂಖ್ಯೆಯಿಂದ ಭಾಗಿಸಿ, ಬಂದದ್ದರ ಲಾಗ್ ತೆಗೆದು 10ರಿಂದ ಗುಣಿಸಿ, ಮಿಲಿವ್ಯಾಟಿನ ಸಂಖ್ಯೆಗೆ ಕೂಡಿಸಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ಹೀಗೆ ಕೂಡಿಸಿದರೆ ಸಾಕು: 16 ಓಮ್‌ಗೆ 18, 32ಕ್ಕೆ 15, 64ಕ್ಕೆ 12, 80ಕ್ಕೆ 11, 150ಕ್ಕೆ 8, 250ಕ್ಕೆ 6, 300ಕ್ಕೆ 5, 600ಕ್ಕೆ 2.

ಬ್ಲೂಟೂತ್ ಹೆಡ್‌ಫೋನಿಗೆ ವೈರು ಸಿಕ್ಕಿಸಿ ಆಂಪಿಗೆ ಜೋಡಿಸುವ ಯೋಚನೆಯಿದ್ದರೆ ಇಲ್ಲೇ ನಿಲ್ಲಿಸಿ. ಅಂಥವುಗಳಲ್ಲಿ ಹಲವು ವೈರಿನಲ್ಲಿ ಬಂದದ್ದನ್ನೂ ತಮ್ಮ ಒಳಗಿನ ಆಂಪಿನ ಮೂಲಕವೇ ಕಳಿಸುತ್ತವೆ. ಹೊರಗಿನ ಆಂಪಿಗೆ ಅಲ್ಲಿ ಕೆಲಸವಿಲ್ಲ.

ಹಂತ 2: ಎಷ್ಟು ವೋಲ್ಟ್, ಎಷ್ಟು ಮಿಲಿಆಂಪಿಯರ್ ಬೇಕು

ಗುರಿಯನ್ನು 110 ಡೆಸಿಬೆಲ್ ಎಂದು ಇಟ್ಟುಕೊಳ್ಳಿ. ಇದು ಕೇಳುವ ಮಟ್ಟವಲ್ಲ. ಕ್ಷಣಮಾತ್ರದ ಪೆಟ್ಟುಗಳಿಗೆ ಮೀಸಲಿಡುವ ಜಾಗ. ಸರಾಸರಿ 75–80ರಲ್ಲಿ ಕೇಳುವಾಗಲೂ ಒತ್ತಿ ಕುಗ್ಗಿಸದ ಧ್ವನಿಮುದ್ರಣಗಳಲ್ಲಿ ಪೆಟ್ಟು 20 ಡೆಸಿಬೆಲಿಗಿಂತ ಮೇಲೆ ಹಾರಬಹುದು. ತೆಂಕುತಿಟ್ಟು ಯಕ್ಷಗಾನದ ಆಟದ ರೆಕಾರ್ಡಿಂಗ್ ಕೇಳುವವರಿಗೆ ಇದನ್ನು ವಿವರಿಸಬೇಕಿಲ್ಲ: ಭಾಗವತರ ಪದ ಮೆಲ್ಲನೆ ಸಾಗುತ್ತಿರುತ್ತದೆ, ದನಿ ಸ್ಪಷ್ಟವಾಗಲೆಂದು ನೀವು ವಾಲ್ಯೂಮ್ ಏರಿಸಿರುತ್ತೀರಿ, ಅಷ್ಟರಲ್ಲಿ ಚೆಂಡೆ ಎತ್ತಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಆಂಪಿಗೆ ಉಸಿರು ಸಾಲದಿದ್ದರೆ ಪೆಟ್ಟು ಚಪ್ಪಟೆಯಾಗಿ ತಗಡು ಬಡಿದಂತೆ ಕೇಳುತ್ತದೆ.

110ರಿಂದ ಹೆಡ್‌ಫೋನಿನ ವೋಲ್ಟ್ ಲೆಕ್ಕದ ಸೆನ್ಸಿಟಿವಿಟಿಯನ್ನು ಕಳೆಯಿರಿ, 20ರಿಂದ ಭಾಗಿಸಿ, 10ನ್ನು ಆ ಘಾತಕ್ಕೆ ಏರಿಸಿ. ಬಂದದ್ದೇ ಬೇಕಾದ ವೋಲ್ಟ್. ಅದನ್ನು ಓಮ್‌ನಿಂದ ಭಾಗಿಸಿದರೆ ಆಂಪಿಯರ್. ಬಾಯಿಲೆಕ್ಕಕ್ಕೆ: 6 ಡೆಸಿಬೆಲ್ ಏರಿದರೆ ವೋಲ್ಟ್ ಇಮ್ಮಡಿ, 20 ಏರಿದರೆ ಹತ್ತು ಪಟ್ಟು.

ಸಾಮಾನ್ಯವಾಗಿ ಸಿಗುವ ನಾಲ್ಕನ್ನು ಲೆಕ್ಕ ಹಾಕಿ ನೋಡೋಣ. ಆಡಿಯೋ-ಟೆಕ್ನಿಕಾ ಎಂ50ಎಕ್ಸ್: 38 ಓಮ್, ಮಿಲಿವ್ಯಾಟಿಗೆ 99 ಡೆಸಿಬೆಲ್. ಬೇಕಾದದ್ದು 0.7 ವೋಲ್ಟ್, 18 ಮಿಲಿಆಂಪಿಯರ್. ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ, 250 ಓಮ್‌ನದು: ಮಿಲಿವ್ಯಾಟಿಗೆ 96, ಅಂದರೆ 2.5 ವೋಲ್ಟ್, 10 ಮಿಲಿಆಂಪಿಯರ್. ಕೆ702: 1.8 ವೋಲ್ಟ್, 29 ಮಿಲಿಆಂಪಿಯರ್. ಹೈಫೈಮನ್ ಎಚ್‌ಇ400ಎಸ್‌ಇ ಎಂಬ ಪ್ಲೇನಾರ್ (ಚಪ್ಪಟೆ ಪೊರೆ ಅಲುಗಿ ಸದ್ದು ಮಾಡುವ ಬಗೆಯ ಹೆಡ್‌ಫೋನ್): 25 ಓಮ್, ಮಿಲಿವ್ಯಾಟಿಗೆ 91 ಡೆಸಿಬೆಲ್. ಅದಕ್ಕೆ 1.4 ವೋಲ್ಟ್, 56 ಮಿಲಿಆಂಪಿಯರ್.

ಇವುಗಳಲ್ಲಿ ಎರಡನ್ನು ಗಮನಿಸಿ. ಡಿಟಿ 990 ಕೇಳುವುದು ವೋಲ್ಟನ್ನು, ಪ್ಲೇನಾರ್ ಕೇಳುವುದು ಕರೆಂಟನ್ನು. ತೋಟಕ್ಕೆ ನೀರು ಬಿಡುವವರಿಗೆ ಇದು ಹೊಸದಲ್ಲ: ಗುಡ್ಡದ ಟಾಂಕಿಗೆ ನೀರು ಏರಿಸುವ ಪಂಪು ಬೇರೆ, ತಗ್ಗಿನ ತೋಡಿನಿಂದ ತುಂಬ ನೀರು ಸುರಿಯುವ ಪಂಪು ಬೇರೆ. ಒಂದಕ್ಕೆ ಹೊಂದಿದ ಆಂಪ್ ಇನ್ನೊಂದಕ್ಕೂ ಹೊಂದುತ್ತದೆ ಎಂಬ ಖಾತ್ರಿಯಿಲ್ಲ.

ಇನ್ನು ಕಿವಿಯೊಳಗೆ ಕೂರುವ ಇಯರ್‌ಫೋನು, 16 ಓಮ್, ಮಿಲಿವ್ಯಾಟಿಗೆ 110 ಎಂದಿಟ್ಟುಕೊಳ್ಳಿ: 0.13 ವೋಲ್ಟ್ ಸಾಕು. ಯಾವ ಫೋನೂ ಇಷ್ಟು ಕೊಡುತ್ತದೆ. ಇಂಥದ್ದಕ್ಕೆ ಎರಡು ವ್ಯಾಟಿನ ಆಂಪ್ ಕೊಳ್ಳುವುದು ದುಡ್ಡು ಕೊಟ್ಟು ಸುಯ್ ಸದ್ದನ್ನು ಮನೆಗೆ ತಂದಂತೆ.

ಹಂತ 3: ಈಗ ಕೈಯಲ್ಲಿರುವುದನ್ನು ಅಳೆಯಿರಿ

ಫೋನಿನ ಈಕ್ವಲೈಸರ್, ಡಾಲ್ಬಿ, ವಾಲ್ಯೂಮ್ ಮಿತಿ ಎಲ್ಲವನ್ನೂ ಆರಿಸಿ. ಆಕ್ಸ್ ಕೇಬಲಿನ ಒಂದು ತುದಿಯನ್ನು ಫೋನಿಗೆ ಹಾಕಿ 60 ಹರ್ಟ್ಸ್ ಸ್ವರವನ್ನು ಪೂರ್ತಿ ವಾಲ್ಯೂಮಿನಲ್ಲಿ ಬಿಡಿ. ಇನ್ನೊಂದು ತುದಿಯ ಪಿನ್ನಿನಲ್ಲಿ ಮೊನೆಯೇ ಎಡ ಚಾನೆಲ್, ನಡುವಿನ ಬಳೆ ಬಲ ಚಾನೆಲ್, ಬುಡ ಗ್ರೌಂಡ್. ಮೊನೆಗೆ ಕೆಂಪು, ಬುಡಕ್ಕೆ ಕಪ್ಪು ಕಡ್ಡಿ ಹಿಡಿದು ಎಸಿ ವೋಲ್ಟ್ ಓದಿ. ಕಡ್ಡಿ ಜಾರಿ ಎರಡನ್ನೂ ಒಟ್ಟಿಗೆ ಮುಟ್ಟದಿರಲಿ. ಈ ಸ್ವರ ಓಡುವಾಗ ಹೆಡ್‌ಫೋನ್ ಕಿವಿಯಲ್ಲಿ ಇರಲೇಬಾರದು.

ಓದಿದ್ದನ್ನು ಬರೆದಿಟ್ಟು, ಈಗ 33 ಓಮ್ ರೆಸಿಸ್ಟರನ್ನು ಮೊನೆ ಮತ್ತು ಬುಡದ ನಡುವೆ ಕ್ಲಿಪ್ಪಿನಿಂದ ಸೇರಿಸಿ ಮತ್ತೆ ಓದಿ. ವೋಲ್ಟ್ ಇಳಿಯುತ್ತದೆ. ಮೊದಲ ಓದನ್ನು ಎರಡನೆಯದರಿಂದ ಭಾಗಿಸಿ, ಒಂದು ಕಳೆದು, 33ರಿಂದ ಗುಣಿಸಿದರೆ ಆ ಜಾಕಿನ ಔಟ್‌ಪುಟ್ ಇಂಪೀಡೆನ್ಸ್ ಸಿಗುತ್ತದೆ. 1.00 ವೋಲ್ಟ್ ಇದ್ದದ್ದು 0.97ಕ್ಕೆ ಇಳಿದರೆ ಸುಮಾರು 1 ಓಮ್, ಬಹಳ ಒಳ್ಳೆಯದು. 0.40ಕ್ಕೆ ಇಳಿದರೆ 50 ಓಮ್ ಹತ್ತಿರ. ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನ ಜಾಕುಗಳಲ್ಲಿ ಇಂಥದ್ದು ಕಾಣಸಿಗುತ್ತದೆ. ಕೆಲವು ಫೋನುಗಳು ಸಿಕ್ಕಿಸಿದ್ದು ಏನೆಂದು ನೋಡಿ ತಾವೇ ವೋಲ್ಟ್ ಬದಲಿಸುತ್ತವೆ. ಆದ್ದರಿಂದ ರೆಸಿಸ್ಟರ್ ಇದ್ದಾಗಿನ ಓದನ್ನೇ ಹೆಚ್ಚು ನಂಬಿ.

ಜಾಕೇ ಇಲ್ಲದ ಫೋನಾದರೆ ಯುಎಸ್‌ಬಿ-ಸಿ ಅಡಾಪ್ಟರ್ ಮೂಲಕ ಅಳೆಯಬೇಕು. ಒಳಗೆ ಚಿಪ್ ಇಲ್ಲದ, ಬರೀ ವೈರಿನ ಅಡಾಪ್ಟರುಗಳು ಹಲವು ಫೋನುಗಳಲ್ಲಿ ಸದ್ದೇ ಮಾಡುವುದಿಲ್ಲ. ಆಪಲ್ ಕಂಪನಿಯ ಯುಎಸ್‌ಬಿ-ಸಿ ಅಡಾಪ್ಟರ್ ಅಗ್ಗದವುಗಳಲ್ಲಿ ಅಚ್ಚುಕಟ್ಟಾದದ್ದು, ಯುರೋಪಿನದ್ದಲ್ಲದಿದ್ದರೆ 1 ವೋಲ್ಟ್ ಕೊಡುತ್ತದೆ. ಆದರೆ ಅದೇ ಅಡಾಪ್ಟರ್ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ತೀರಾ ಮೆತ್ತಗೆ ಕೇಳುತ್ತದೆ. ಅದರೊಳಗಿನ ವಾಲ್ಯೂಮನ್ನು ಫೋನು ಪೂರ್ತಿ ಏರಿಸುವುದಿಲ್ಲ, ಅಷ್ಟೇ. ‘ಅಡಾಪ್ಟರ್ ದುರ್ಬಲ’ ಎಂದು ಬಿಸಾಡುವ ಮುನ್ನ ಲ್ಯಾಪ್‌ಟಾಪಿಗೆ ಹಾಕಿ ಅಳೆದು ನೋಡಿ.

ಈಗ ತೀರ್ಮಾನ. ಅಳೆದ ವೋಲ್ಟ್ ಎರಡನೆಯ ಹಂತದಲ್ಲಿ ಬಂದದ್ದಕ್ಕಿಂತ ಹೆಚ್ಚಿದ್ದು, ಜಾಕಿನ ಇಂಪೀಡೆನ್ಸ್ ಹೆಡ್‌ಫೋನಿನದರ ಎಂಟನೆಯ ಒಂದು ಪಾಲಿಗಿಂತ ಕಡಿಮೆಯಿದ್ದರೆ ಆಂಪ್ ಬೇಡ. ಅದರಿಂದ ‘ಬಾಸ್ ಬಿಚ್ಚಿಕೊಳ್ಳುತ್ತದೆ’, ‘ವೇದಿಕೆ ಅಗಲವಾಗುತ್ತದೆ’ ಎಂದೆಲ್ಲ ಹೇಳುವವರಿದ್ದಾರೆ. ಹೇಳಲಿ. ಆ ದುಡ್ಡಿನಲ್ಲಿ ಒಳ್ಳೆಯ ಹೆಡ್‌ಫೋನ್ ಕೊಂಡರೆ ವ್ಯತ್ಯಾಸ ಕಣ್ಣುಮುಚ್ಚಿದರೂ ತಿಳಿಯುತ್ತದೆ.

ಹಂತ 4: ಯಾವ ಬಗೆಯದು

ಮೂರು ಬಗೆಗಳಲ್ಲಿ ಆಯ್ಕೆ. ಫೋನಿಗೆ ಬಾಲದಂತೆ ಸಿಕ್ಕಿಸುವ ಡಾಂಗಲ್, ಬ್ಯಾಟರಿಯಿರುವ ಜೇಬಿನ ಯಂತ್ರ, ಮೇಜಿನ ಮೇಲಿಡುವ ಆಂಪ್. ಬೇಕಾದದ್ದು 2 ವೋಲ್ಟಿನೊಳಗಿದ್ದರೆ ಡಾಂಗಲ್ ಸಾಕು. ಈಗಿನ ಸಾಧಾರಣ ಬೆಲೆಯ ಡಾಂಗಲುಗಳಲ್ಲೂ 3.5 ಮಿ.ಮೀ. ಜಾಕಿನಿಂದ 2 ವೋಲ್ಟ್, 4.4 ಮಿ.ಮೀ. ಬ್ಯಾಲೆನ್ಸ್ಡ್ ಜಾಕಿನಿಂದ (ಎಡಬಲಕ್ಕೆ ಬೇರೆ ಬೇರೆ ಮೈನಸ್ ತಂತಿಯಿರುವುದು) 4 ವೋಲ್ಟ್ ಕೊಡುವವು ಇವೆ. ಹಾಗಾಗಿ 250 ಓಮ್‌ನ ಹೆಡ್‌ಫೋನಿಗೂ ಮೇಜಿನ ಆಂಪೇ ಆಗಬೇಕೆಂಬ ಮಾತು ಹಳತಾಯಿತು. ಡಿಟಿ 990 ಪ್ರೊದ ವೈರು ಮಾತ್ರ ಕಪ್‌ನಿಂದ ಬಿಚ್ಚುವಂಥದ್ದಲ್ಲ. ಅದನ್ನು ಬ್ಯಾಲೆನ್ಸ್ಡ್ ಮಾಡಬೇಕಾದರೆ ಬೆಸುಗೆ ಕೆಲಸ ಆಗಬೇಕು, ಅದಕ್ಕಿಂತ ಮೇಜಿನ ಆಂಪೇ ಸುಲಭ. ಕರೆಂಟು ಹೆಚ್ಚು ಬೇಡುವ ಪ್ಲೇನಾರುಗಳಿಗೂ ಮೇಜಿನದ್ದೇ ನಿಶ್ಚಿಂತೆ.

ಡಾಂಗಲ್ ಮತ್ತು ಜೇಬಿನ ಯಂತ್ರಗಳಲ್ಲಿ ಡ್ಯಾಕ್, ಅಂದರೆ ಡಿಜಿಟಲ್ ಸಂಕೇತವನ್ನು ಸದ್ದಿನ ವೋಲ್ಟಾಗಿ ಬದಲಿಸುವ ಭಾಗ, ಸಾಮಾನ್ಯವಾಗಿ ಒಳಗೇ ಇರುತ್ತದೆ. ಮೇಜಿನ ಆಂಪುಗಳಲ್ಲಿ ಕೆಲವು ಬರೀ ಆಂಪ್. ಅವಕ್ಕೆ ಬೇರೆ ಡ್ಯಾಕ್ ಅಥವಾ ಲ್ಯಾಪ್‌ಟಾಪಿನ ಜಾಕು ಬೇಕು. ಪೆಟ್ಟಿಗೆ ಒಡೆದ ಮೇಲೆ ‘ಯುಎಸ್‌ಬಿ ಎಲ್ಲಿದೆ?’ ಎಂದು ಹುಡುಕುವವರು ಸಾಕಷ್ಟಿದ್ದಾರೆ. ಹಿಂಬದಿಯ ಫೋಟೊವನ್ನು ಕೊಳ್ಳುವ ಮುಂಚೆಯೇ ನೋಡಿ.

ಹಂತ 5: ವಿವರಪಟ್ಟಿಯನ್ನು ಓದುವ ಬಗೆ

‘2 ವ್ಯಾಟ್’ ಎಂದಷ್ಟೇ ಬರೆದಿದ್ದರೆ ಅದರಿಂದ ಏನೂ ತಿಳಿಯದು. ಎಷ್ಟು ಓಮ್‌ನಲ್ಲಿ? ಒಂದು ಚಾನೆಲಿಗೋ ಎರಡಕ್ಕೂ ಸೇರಿಯೋ? ಬ್ಯಾಲೆನ್ಸ್ಡ್ ಜಾಕಿನದೋ ಸಾಧಾರಣ ಜಾಕಿನದೋ? ಹೆಚ್ಚಿನವರು ಬ್ಯಾಲೆನ್ಸ್ಡ್ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಹಾಕಿ, ನೀವು ನಿಜವಾಗಿ ಬಳಸುವ ಜಾಕಿನದನ್ನು ಕೆಳಗೆ ಸಣ್ಣದಾಗಿ ಬರೆಯುತ್ತಾರೆ. ಡಿಸ್ಟಾರ್ಷನ್ (ಸದ್ದು ಒಡೆಯುವ ಪ್ರಮಾಣ) 10 ಶೇಕಡಾ ಇರುವಾಗ ಅಳೆದ ವ್ಯಾಟನ್ನೂ ನಂಬಬೇಡಿ.

ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ವೋಲ್ಟ್. 32 ಓಮ್‌ನಲ್ಲಿ 1 ವ್ಯಾಟ್ ಎಂದರೆ 5.7 ವೋಲ್ಟ್, 177 ಮಿಲಿಆಂಪಿಯರ್. 300 ಓಮ್‌ನಲ್ಲಿ 100 ಮಿಲಿವ್ಯಾಟ್ ಎಂದರೆ ಸುಮಾರು 5.5 ವೋಲ್ಟ್. ಎರಡೂ ಹೆಚ್ಚುಕಡಿಮೆ ಒಂದೇ ಆಂಪ್! ವ್ಯಾಟ್ ಹತ್ತು ಪಟ್ಟು ಕಡಿಮೆ ಕಂಡಿತೆಂದು ಹೆದರಬೇಕಿಲ್ಲ. ನಿಮ್ಮ ಹೆಡ್‌ಫೋನಿನ ಓಮ್‌ಗೆ ಹತ್ತಿರದ ಸಾಲನ್ನು ಹಿಡಿದು, ವೋಲ್ಟ್ ಮತ್ತು ಮಿಲಿಆಂಪಿಯರ್ ಎರಡೂ ಎರಡನೆಯ ಹಂತದ ಲೆಕ್ಕವನ್ನು ಮೀರುತ್ತವೆಯೇ ಎಂದಷ್ಟೇ ನೋಡಿ. ಮೀರಿದ ಮೇಲೆ ಇನ್ನೂ ಹೆಚ್ಚಿರುವುದರಿಂದ ಲಾಭವಿಲ್ಲ.

ಔಟ್‌ಪುಟ್ ಇಂಪೀಡೆನ್ಸ್ 1–2 ಓಮ್‌ನೊಳಗಿದ್ದರೆ ಏನನ್ನು ಬೇಕಾದರೂ ಜೋಡಿಸಬಹುದು. ಇದರಲ್ಲಿ ಸೋಲುವವರು ಮುಖ್ಯವಾಗಿ ಮೂರು ನಾಲ್ಕು ಬ್ಯಾಲೆನ್ಸ್ಡ್ ಆರ್ಮೇಚರ್ (ಸದ್ದು ಮಾಡುವ ಪುಟ್ಟ ಭಾಗ, ಬ್ಯಾಲೆನ್ಸ್ಡ್ ಜಾಕಿಗೂ ಇದಕ್ಕೂ ಸಂಬಂಧವಿಲ್ಲ) ಇರುವ ಇಯರ್‌ಫೋನಿನವರು. ಅವುಗಳ ಇಂಪೀಡೆನ್ಸ್ ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ. ಒಂದು ಕಡೆ 8, ಇನ್ನೊಂದು ಕಡೆ 40 ಓಮ್ ಇರುವ ಇಯರ್‌ಫೋನಿಗೆ 10 ಓಮ್‌ನ ಜಾಕು ಸಿಕ್ಕರೆ ಎರಡರ ನಡುವೆ 5 ಡೆಸಿಬೆಲ್ ಏರುಪೇರು ಬರುತ್ತದೆ. ಅಂದರೆ ಕೇಳುವುದು ಬೇರೆಯೇ ಇಯರ್‌ಫೋನು. ಪ್ಲೇನಾರುಗಳ ಇಂಪೀಡೆನ್ಸ್ ಸಪಾಟು, ಅವುಗಳ ನಾದಕ್ಕೆ ಇದರಿಂದ ಬಾಧಕವಿಲ್ಲ.

ನಾಯ್ಸ್ ಸಂಖ್ಯೆ ಮೈಕ್ರೋವೋಲ್ಟಿನಲ್ಲಿರುತ್ತದೆ. ಮೇಲಿನ 16 ಓಮ್‌ನ ಇಯರ್‌ಫೋನಿಗೆ 10 ಮೈಕ್ರೋವೋಲ್ಟಿನ ಆಂಪ್ ಜೋಡಿಸಿದರೆ 28 ಡೆಸಿಬೆಲ್‌ನಷ್ಟು ಸುಯ್ ಸದ್ದು. ರಾತ್ರಿ ಮನೆ ಮಲಗಿದ ಮೇಲೆ ಖಂಡಿತ ಕೇಳುತ್ತದೆ. 2 ಮೈಕ್ರೋವೋಲ್ಟ್ ಆದರೆ 14 ಡೆಸಿಬೆಲ್, ಗೋಡೆಯ ಹಲ್ಲಿಯ ಲೊಚಗುಟ್ಟುವಿಕೆಯೇ ಅದಕ್ಕಿಂತ ಜೋರು.

ಗೇನ್, ಅಂದರೆ ಆಂಪ್ ವೋಲ್ಟನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದರ ಬಗ್ಗೆ ಯಾರೂ ಯೋಚಿಸುವುದಿಲ್ಲ, ಮೂರನೆಯ ದೂರಿನ ಮೂಲ ಅದೇ. ಬೇಕಾದ ವೋಲ್ಟನ್ನು ಮೂಲ ಕೊಡುವ ವೋಲ್ಟಿನಿಂದ ಭಾಗಿಸಿದರೆ ಬೇಕಾದ ಗೇನ್ ಸಿಗುತ್ತದೆ. ಮೇಜಿನ ಡ್ಯಾಕುಗಳು ರೂಢಿಯಾಗಿ 2 ವೋಲ್ಟ್ ಕೊಡುತ್ತವೆ. ಡಿಟಿ 990ಕ್ಕೆ ಬೇಕಾದದ್ದು 2.5, ಅಂದರೆ ಗೇನ್ 1.25 ಸಾಕು. ಇಯರ್‌ಫೋನಿಗಂತೂ ಒಂದಕ್ಕಿಂತ ಬಹಳ ಕಡಿಮೆ. ಅಲ್ಲಿ ಆರು ಪಟ್ಟಿನ ಹೈ ಗೇನ್ ಹಾಕಿದರೆ ಗುಂಡಿ ಬುಡದಿಂದ ಮೇಲೇಳುವ ಮೊದಲೇ ಕಿವಿ ತುಂಬುತ್ತದೆ. ಅಗ್ಗದ ಗುಂಡಿಗಳು ಆ ಬುಡದಲ್ಲೇ ಎಡಬಲಕ್ಕೆ ಸಮ ಹಂಚುವುದಿಲ್ಲ. ಲೋ ಗೇನ್ 1 ಇರುವ ಆಂಪನ್ನೇ ಆರಿಸಿ.

ಹಂತ 6: ಪಿನ್ನುಗಳು, ಮತ್ತು ಯಂತ್ರ ಸುಡುವ ಒಂದು ತಪ್ಪು

ಬ್ಯಾಲೆನ್ಸ್ಡ್ ಜಾಕಿನಲ್ಲಿ ಎಡಕ್ಕೂ ಬಲಕ್ಕೂ ಬೇರೆ ಬೇರೆ ಮೈನಸ್ ತಂತಿ ಇರುತ್ತದೆ, ಎರಡರಲ್ಲೂ ಆಂಪಿನ ಕರೆಂಟು ಹರಿಯುತ್ತದೆ. ಸಾಧಾರಣ 3.5 ಪಿನ್ನಿನಲ್ಲಿ ಅವೆರಡೂ ಬುಡದಲ್ಲಿ ಒಂದಾಗಿವೆ. ಆದ್ದರಿಂದ ಆಂಪಿನ 4.4 ಅಥವಾ 2.5 ಮಿ.ಮೀ. ಬ್ಯಾಲೆನ್ಸ್ಡ್ ಜಾಕಿಗೆ ಅಡಾಪ್ಟರ್ ಹಾಕಿ ಸಾಧಾರಣ 3.5 ಪಿನ್ನಿನ ಹೆಡ್‌ಫೋನ್ ಸಿಕ್ಕಿಸಬೇಡಿ. ಔಟ್‌ಪುಟ್ ಶಾರ್ಟ್ ಆಗಿ ಆಂಪ್ ಸುಡಬಹುದು. ತಿರುಗುಮುರುಗು, ಅಂದರೆ ಬ್ಯಾಲೆನ್ಸ್ಡ್ ವೈರಿನ ಹೆಡ್‌ಫೋನನ್ನು ಸಾಧಾರಣ ಜಾಕಿಗೆ ಹಾಕುವ ಅಡಾಪ್ಟರಿನಿಂದ ತೊಂದರೆಯಿಲ್ಲ. ಅಂಗಡಿಗಳಲ್ಲಿ ಎರಡೂ ಬಗೆ ಸಿಗುತ್ತವೆ, ಅಪಾಯದ ಮಾತು ಪೊಟ್ಟಣದ ಮೇಲೆ ಇರುವುದಿಲ್ಲ.

ಇನ್ನೊಂದು ಸಣ್ಣದು. ಪಿನ್ನು ಪೂರ್ತಿ ಕೂರದೆ ಗ್ರೌಂಡ್ ತಪ್ಪಿದರೆ ಎಡಬಲಗಳ ವ್ಯತ್ಯಾಸ ಮಾತ್ರ ಕೇಳುತ್ತದೆ: ನಡುವಿನ ದನಿ ಮಾಯ, ಅಂಚಿನ ವಾದ್ಯಗಳು ಟೊಳ್ಳಾಗಿ ಉಳಿಯುತ್ತವೆ. ಹಳೆಯ ಕ್ಯಾಸೆಟ್ಟಿನಿಂದ ಇಳಿಸಿದ ತಾಳಮದ್ದಳೆಯಾದರೆ, ಅದು ಮೋನೊ (ಎಡಬಲ ಎರಡರಲ್ಲೂ ಒಂದೇ ಸದ್ದು) ಆದ್ದರಿಂದ, ಹೆಚ್ಚುಕಡಿಮೆ ಏನೂ ಕೇಳುವುದಿಲ್ಲ. ಆಂಪ್ ಸತ್ತಿತೆಂದು ಗಾಬರಿಯಾಗದೆ ಪಿನ್ನನ್ನು ಒತ್ತಿ ನೋಡಿ. ದಪ್ಪ ಕವಚದ ಫೋನುಗಳಲ್ಲಿ ಇದು ಪದೇ ಪದೇ ಆಗುತ್ತದೆ.

ಹಂತ 7: ಕರೆಂಟಿನ ಕಡೆಯ ಲೆಕ್ಕ

ನಮ್ಮದು 230 ವೋಲ್ಟ್, 50 ಹರ್ಟ್ಸ್. ಗಲ್ಫಿನಿಂದ ಬರುವ ನೆಂಟರ ಕೈಲಿ ತರಿಸಿದ್ದು ಸಾಮಾನ್ಯವಾಗಿ ಹೊಂದುತ್ತದೆ, ಪ್ಲಗ್ಗಿನ ಆಕಾರವಷ್ಟೇ ಬೇರೆ. ಅಮೆರಿಕದಿಂದ ತರಿಸಿದ್ದಾದರೆ ಅಡಾಪ್ಟರಿನ ಬೆನ್ನಿನ ಬರಹ ಓದದೆ ಗೋಡೆಗೆ ಹಾಕಬೇಡಿ. ಇನ್‌ಪುಟ್ 100–240 ಎಂದಿದ್ದರೆ ಸರಿ. 115 ಅಥವಾ 120 ಎಂದಷ್ಟೇ ಇದ್ದರೆ ಅದು ಇಲ್ಲಿ ಸುಡುತ್ತದೆ.

ಔಟ್‌ಪುಟ್ ಕಡೆಯೂ ಓದಿ. ಕೆಲವು ಮೇಜಿನ ಆಂಪುಗಳಿಗೆ ಡಿಸಿ ಅಲ್ಲ, ಎಸಿ ಕೊಡುವ ಅಡಾಪ್ಟರ್ ಬೇಕು. ‘ಪಿನ್ನು ಕೂರುತ್ತದೆ, ವೋಲ್ಟೂ ಅಷ್ಟೇ’ ಎಂದು ಮನೆಯ ಹಳೆಯ ರೂಟರಿನ ಅಡಾಪ್ಟರ್ ಹಾಕಿದರೆ ಕೆಲಸ ಮಾಡದು. ಡಿಸಿ ಬೇಕಾದದ್ದಕ್ಕೆ ಎಸಿ ಹಾಕಿದರೆ ಹಾಳೇ ಆಗಬಹುದು. ಡಿಸಿಯಲ್ಲಿ ನಡುವಿನ ಕಡ್ಡಿ ಪ್ಲಸ್ಸೋ ಮೈನಸ್ಸೋ ಎಂಬ ಚಿತ್ರವನ್ನೂ ಹೋಲಿಸಿ ನೋಡಿ.

ಕರೆಂಟು ಹೋದಾಗ ಚೌಕ ಅಲೆಯ ಇನ್ವರ್ಟರ್ ಮೇಲೆ ಟ್ರಾನ್ಸ್‌ಫಾರ್ಮರಿನ ಅಡಾಪ್ಟರ್ ಓಡಿಸಿದರೆ ಅದು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಆ ಹೊತ್ತಿಗೆ ಆಂಪ್ ಆರಿಸಿಡಿ. ತೋಟದ ಪಂಪು ಚಾಲೂ ಆಗುವ ಹೊತ್ತಿಗೆ ಹೆಡ್‌ಫೋನಿನಲ್ಲಿ ಟಪ್ ಎಂದರೆ ಆಂಪನ್ನು ದೂರಬೇಡಿ. ಮನೆಯ ವೋಲ್ಟೇಜ್ ಕುಸಿದು ಎದ್ದ ಸದ್ದು ಅದು.

ಹಂತ 8: ಜೋಡಿಸುವ ಕ್ರಮ

ಹೆಡ್‌ಫೋನ್ ಸಿಕ್ಕಿಸುವ ಮೊದಲು ಒಂದು ನಿಮಿಷದ ಪರೀಕ್ಷೆ. ಆಂಪ್ ಹಾಕಿ, ವಾಲ್ಯೂಮ್ ಸೊನ್ನೆಯಲ್ಲಿಟ್ಟು, ಜಾಕಿನಲ್ಲಿ ಆಕ್ಸ್ ಕೇಬಲ್ ಮೂಲಕ ಡಿಸಿ ಮಿಲಿವೋಲ್ಟ್ ಅಳೆಯಿರಿ. ಎರಡೂ ಚಾನೆಲಿನಲ್ಲಿ 20ರೊಳಗಿದ್ದರೆ ಸರಿ. 50 ದಾಟಿದರೆ ಹೆಡ್‌ಫೋನ್ ಹಾಕಬೇಡಿ, ಹಿಂದಿರುಗಿಸಿ. ಆ ಡಿಸಿ ಡ್ರೈವರಿನ (ಹೆಡ್‌ಫೋನಿನೊಳಗೆ ಸದ್ದು ಮಾಡುವ ಭಾಗದ) ಸುರುಳಿಯನ್ನು ಸದಾ ಒಂದೇ ಕಡೆ ತಳ್ಳುತ್ತಿರುತ್ತದೆ.

ಆಮೇಲೆ ಹೀಗೆ: ಗೇನ್ ಲೋ, ವಾಲ್ಯೂಮ್ ಸೊನ್ನೆ. ಮೊದಲು ಫೋನೋ ಕಂಪ್ಯೂಟರೋ, ಬಳಿಕ ಡ್ಯಾಕ್, ಕೊನೆಗೆ ಆಂಪ್. ಒಳಗೆ ರಿಲೇ (ತಾನಾಗಿ ಹಾಕಿಕೊಳ್ಳುವ ಸ್ವಿಚ್ಚು) ಇದ್ದರೆ ಕೆಲವು ಸೆಕೆಂಡಿನ ಬಳಿಕ ಟಿಕ್ ಎನ್ನುತ್ತದೆ. ಅದಾದ ಮೇಲೆ ಹೆಡ್‌ಫೋನ್ ಸಿಕ್ಕಿಸಿ, ಹಾಡು ಹಾಕಿ, ಕಿವಿಗಿಟ್ಟುಕೊಂಡು ಗುಂಡಿಯನ್ನು ಏರಿಸಿ. ಆರಿಸುವಾಗ ಇದೇ ತಿರುಗುಮುರುಗು, ಆಂಪ್ ಮೊದಲು.

ಯುಎಸ್‌ಬಿಯಲ್ಲಿ ಜೋಡಿಸಿದ್ದರೆ ಕಂಪ್ಯೂಟರಿನ ವಾಲ್ಯೂಮ್ ನೂರರಲ್ಲಿರಲಿ, ಏರಿಳಿತವನ್ನು ಆಂಪಿನ ಗುಂಡಿ ನೋಡಿಕೊಳ್ಳಲಿ. ಫೋನಿನ ಹೆಡ್‌ಫೋನ್ ಜಾಕಿನಿಂದ ಆಂಪಿಗೆ ಆಕ್ಸ್ ಹಾಕಿದ್ದರೆ ಫೋನನ್ನು 80–90ರಲ್ಲಿ ನಿಲ್ಲಿಸಿ. ವಿಂಡೋಸ್‌ನಲ್ಲಿ ಸೌಂಡ್ ಸೆಟ್ಟಿಂಗಿಗೆ ಹೋಗಿ ಎನ್‌ಹ್ಯಾನ್ಸ್‌ಮೆಂಟುಗಳನ್ನು ಆರಿಸಿ, 24 ಬಿಟ್ ಇಡಿ. ಆಂಡ್ರಾಯ್ಡ್‌ನಲ್ಲಿ ಒಪ್ಪೊ, ರಿಯಲ್‌ಮಿಯಂಥ ಕೆಲವು ಫೋನುಗಳಲ್ಲಿ ಒಟಿಜಿ (ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ಸೌಲಭ್ಯ) ಎಂಬುದನ್ನು ಸೆಟ್ಟಿಂಗಿನಲ್ಲಿ ಹಾಕಿಕೊಳ್ಳಬೇಕು. ಬಳಸದೆ ಹತ್ತು ನಿಮಿಷ ಬಿಟ್ಟರೆ ಅದು ತಾನಾಗಿ ಆರುತ್ತದೆ. ‘ನಿನ್ನೆ ಕೇಳಿದ ಡಾಂಗಲ್ ಇವತ್ತು ಸತ್ತಿದೆ’ ಎನ್ನುವ ದೂರಿಗೆ ಬಹಳ ಸಲ ಇದೇ ಕಾರಣ.

ಕೇಳುವ ಮಟ್ಟಕ್ಕೆ ಬಂದಾಗ ಗುಂಡಿ ಗಡಿಯಾರದ ಹತ್ತು ಗಂಟೆಯಿಂದ ಎರಡು ಗಂಟೆಯ ನಡುವೆ ನಿಂತಿರಬೇಕು. ಎಂಟರಲ್ಲೇ ಸಾಕಾದರೆ ಗೇನ್ ಹೆಚ್ಚಾಗಿದೆ. ಗೇನ್ ಮೊದಲೇ ಲೋ ಇದ್ದರೆ ಕಂಪ್ಯೂಟರಿನ ವಾಲ್ಯೂಮನ್ನು ಸ್ವಲ್ಪ ಇಳಿಸಿ. ನಾಲ್ಕು ಗಂಟೆ ದಾಟಿದರೂ ಸಾಲದಿದ್ದರೆ ಹೈ ಗೇನಿಗೆ ಹೋಗಿ, ಆದರೆ ಬದಲಿಸುವ ಮುನ್ನ ವಾಲ್ಯೂಮ್ ಇಳಿಸಿ, ಹೆಡ್‌ಫೋನನ್ನು ಕಿವಿಯಿಂದ ತೆಗೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಒಳ್ಳೆಯ ಆಂಪಿನಲ್ಲಿ ಸದ್ದು ಒಡೆಯದೆ ಏರುವುದರಿಂದ ಮಿತಿ ದಾಟಿದ್ದೇ ತಿಳಿಯುವುದಿಲ್ಲ.

ಹಂತ 9: ಹಳತು ಹೊಸತನ್ನು ಹೋಲಿಸುವುದು

ಒಂದು ಡೆಸಿಬೆಲ್ ಜೋರಾಗಿರುವುದು ಯಾವಾಗಲೂ ‘ಚೆನ್ನಾಗಿ’ ಕೇಳುತ್ತದೆ. ಹೋಲಿಸುವ ಮೊದಲು ಎರಡೂ ಯಂತ್ರಗಳನ್ನು 60 ಹರ್ಟ್ಸ್ ಸ್ವರದಲ್ಲಿ, ಹೆಡ್‌ಫೋನ್ ಅಥವಾ ರೆಸಿಸ್ಟರ್ ಜೋಡಿಸಿಯೇ, ಒಂದೇ ವೋಲ್ಟಿಗೆ ಹೊಂದಿಸಿ. 0.300 ಮತ್ತು 0.303ರ ನಡುವಿನ ವ್ಯತ್ಯಾಸ 0.1 ಡೆಸಿಬೆಲಿಗಿಂತ ಕಡಿಮೆ, ಅಷ್ಟು ಸಾಕು. ಹೀಗೆ ಹೊಂದಿಸಿದ ಮೇಲೆ ಬಹುಪಾಲು ‘ಅಗಾಧ ವ್ಯತ್ಯಾಸ’ಗಳು ಕರಗಿಹೋಗುತ್ತವೆ.

ಕೇಳಲು ಪರಿಚಯದ್ದನ್ನೇ ಹಾಕಿ. ಚೆಂಡೆಯ ಪೆಟ್ಟಿಗೆ ಒಡೆದ ಸದ್ದು ಬಂದರೆ ವಾಲ್ಯೂಮನ್ನು ಅರ್ಧಕ್ಕಿಳಿಸಿ ಮತ್ತೆ ಕೇಳಿ. ಆಗಲೂ ಒಡೆದಿದ್ದರೆ ಅದು ರೆಕಾರ್ಡಿಂಗಿನ ದೋಷ. ಸಭೆಯ ಮುಂದಿನ ಸಾಲಿನಲ್ಲಿ ಫೋನ್ ಹಿಡಿದು ಮುದ್ರಿಸಿದ ಆಟಗಳಲ್ಲಿ ಇದು ಸಾಮಾನ್ಯ, ಯಾವ ಆಂಪಿನಿಂದಲೂ ಸರಿಹೋಗದು. ಇಳಿಸಿದಾಗ ಸರಿಯಾದರೆ ಆಂಪ್ ಸಾಲುತ್ತಿಲ್ಲ.

ಹಂತ 10: ಕೆಟ್ಟ ಸದ್ದುಗಳ ಪತ್ತೆ

ವಾಲ್ಯೂಮ್ ಎಲ್ಲಿಟ್ಟರೂ ಒಂದೇ ಸಮ ಗುಂಯ್ ಎನ್ನುತ್ತಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತರೆ ಅದು ಗ್ರೌಂಡ್ ಲೂಪ್ (ಎರಡು ಯಂತ್ರಗಳ ಗ್ರೌಂಡಿನ ನಡುವೆ ಕರೆಂಟು ಸುತ್ತುವುದು) ಅಥವಾ ಚಾರ್ಜರಿನ ಗಲೀಜು. ಎರಡೂ ಪ್ಲಗ್ಗುಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ. ಹೋಗದಿದ್ದರೆ, ಡ್ಯಾಕಿನಲ್ಲಿ ಸೌಲಭ್ಯವಿದ್ದರೆ, ಆಪ್ಟಿಕಲ್ ಕೇಬಲಿನಲ್ಲಿ ಜೋಡಿಸಿ. ಬೆಳಕಿನ ದಾರಿಯಲ್ಲಿ ಕರೆಂಟು ಹರಿಯದು. ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ನನ್ನು ಕತ್ತರಿಸುವ ಉಪಾಯ ಹೇಳುವವರ ಮಾತು ಕೇಳಬೇಡಿ. ಸದ್ದು ಹೋಗಬಹುದು, ಜೀವವೂ ಹೋಗಬಹುದು. ಆಂಪಿನ ಲೋಹದ ಮೈ ಮುಟ್ಟಿದಾಗ ಕೈ ಜುಮ್ಮೆಂದರೆ ಮನೆಯ ಅರ್ಥಿಂಗನ್ನು ಎಲೆಕ್ಟ್ರಿಷಿಯನ್ ಕೈಲಿ ಪರೀಕ್ಷೆ ಮಾಡಿಸಿ.

ಗುಂಡಿ ತಿರುಗಿಸುವಾಗ ಮಾತ್ರ ಕರಕರ ಎಂದರೆ ಒಳಗೆ ಧೂಳು ಅಥವಾ ತುಕ್ಕು. ಆರಿಸಿ, ಇಪ್ಪತ್ತು ಸಲ ಆಚೀಚೆ ತಿರುಗಿಸಿ. ಹೋಗದಿದ್ದರೆ ಕಾಂಟ್ಯಾಕ್ಟ್ ಕ್ಲೀನರಿನ ಒಂದು ಹನಿ. ತೆಂಗಿನೆಣ್ಣೆ ಅಲ್ಲ! ಸುಟ್ಟ ವಾಸನೆ, ಕೈಯಿಡಲಾಗದ ಬಿಸಿ, ಒಂದೇ ಕಿವಿಯಲ್ಲಿ ದೊಡ್ಡ ಟಪ್ ಎಂಬ ಸದ್ದು: ಈ ಮೂರರಲ್ಲಿ ಒಂದು ಬಂದರೂ ಮೊದಲು ಹೆಡ್‌ಫೋನ್ ಕೀಳಿ, ಆಮೇಲೆ ಪ್ಲಗ್.

ಹಂತ 11: ಆಟಿಯ ಮಳೆ, ತುಲಾ ತಿಂಗಳ ಸಿಡಿಲು

ಮಳೆಗಾಲದಲ್ಲಿ ಜಾಕುಗಳಿಗೆ ಹಸಿರು ಹಿಡಿಯುತ್ತದೆ, ಮೆತ್ತೆಗಳಿಗೆ ಬೂಸಲು. ದಿನಕ್ಕೊಮ್ಮೆ ಆಂಪನ್ನು ಅರ್ಧ ಗಂಟೆ ಓಡಿಸಿದರೆ ಒಳಗಿನ ತೇವ ಆರುತ್ತದೆ. ಹೆಡ್‌ಫೋನನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬದಲ್ಲಿಡಿ, ಬೆವರಿದ ಮೆತ್ತೆಯನ್ನು ಒರೆಸದೆ ಒಳಗಿಡಬೇಡಿ. ಸಿಲಿಕಾ ಜೆಲ್ ಬಣ್ಣ ಬದಲಿಸಿದಾಗ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಲೇಬೇಡಿ.

ಅಕ್ಟೋಬರ್–ನವೆಂಬರಿನ ಸಂಜೆಗಳಲ್ಲಿ ಗುಡುಗು ದೂರದಲ್ಲಿ ಕೇಳಿದೊಡನೆ ಆಂಪಿನ ಪ್ಲಗ್ಗನ್ನು ಗೋಡೆಯಿಂದ ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಸ್ವಿಚ್ಚಿನ ಆ ಸಣ್ಣ ಸಂದು ಸಿಡಿಲಿಗೆ ಲೆಕ್ಕವೇ ಅಲ್ಲ. ಕಂಪ್ಯೂಟರಿಗೆ ಯುಎಸ್‌ಬಿಯಲ್ಲಿ ಜೋಡಿಸಿದ್ದರೆ ಆ ವೈರನ್ನೂ, ಕಂಪ್ಯೂಟರಿಗೆ ಬರುವ ಇಂಟರ್‌ನೆಟ್ ಕೇಬಲನ್ನೂ ಬಿಡಿಸಿ, ಯಾಕೆಂದರೆ ಸಿಡಿಲಿನ ಕರೆಂಟು ಆ ವೈರುಗಳಿಂದಲೂ ಒಳಗೆ ಬರಬಹುದು. ಅಷ್ಟು ಹೊತ್ತು ಪದ ಕೇಳಲೇಬೇಕೆಂದಿದ್ದರೆ ಚಾರ್ಜರಿಗೆ ಸಿಕ್ಕಿಸದ ಫೋನು ಮತ್ತು ಡಾಂಗಲ್ ಸಾಕು.